ಪದಕದ ಅಂಚಿನಲ್ಲಿರುವ ಹೆಸರು

ನಮ್ಮ ಹೈಸ್ಕೂಲಿನಲ್ಲಿ ಓದಿ, ವಿವಾಹವಾದ ತರುವಾಯ ಇಂಗ್ಲೆಂಡಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು ಕೆಲವು ವರ್ಷಗಳ ಹಿಂದೆ ನಮಗೊಂದು ಪತ್ರವನ್ನು ಬರೆದರು. ಅವರ ಪತಿಯು ಆ ದೇಶದವರೇ. ಪತಿಯ ಮನೆಯಲ್ಲಿ ತಲೆತಲಾಂತರದಿಂದ ಬಂದ ಒಂದು ಬೆಳ್ಳಿಯ ಪದಕವುಂಟೆಂದೂ, ಅದು ಪೂರ್ವಕಾಲದಲ್ಲಿ ನೌಕಾಪಡೆಯಲ್ಲಿದ್ದ ಹಿರಿಯರೊಬ್ಬರದೆಂದೂ, ತಮ್ಮ ಮಗಳು “ಆ ಅಜ್ಜ ಯಾರು, ಏನು ಮಾಡಿದರು?” ಎಂದು ಬಿಡದೆ ಕೇಳುತ್ತಿರುವಳೆಂದೂ, ನಾವು ಶಾಲೆಯಲ್ಲಿ ಚರಿತ್ರೆಯ ಪಾಠ ಹೇಳಿದವರಾದುದರಿಂದ ಇದಕ್ಕೊಂದು ದಾರಿಯನ್ನು ತೋರಿಸಬೇಕೆಂದೂ ಆ ಪತ್ರದಲ್ಲಿ ಬರೆದಿದ್ದರು. ಆ ಪದಕದ ವಿಷಯವಾಗಿ ನಮಗಾಗ ತಿಳಿದದ್ದು ಬಹು ಸ್ವಲ್ಪ. ಆದಾಗ್ಯೂ ಶಿಷ್ಯೆಯ ಮಾತನ್ನು ತಳ್ಳಲಾರದೆ ಒಪ್ಪಿಕೊಂಡೆವು. ಎರಡು ವರ್ಷಗಳ ಕಾಲ ಪತ್ರಗಳು ಹೋಗಿ ಬಂದವು. ಅವರು ಅಲ್ಲಿ ದಫ್ತರಗಳನ್ನು ತೆರೆದು ನೋಡಿದರು. ನಾವು ಇಲ್ಲಿ ಪುಸ್ತಕಗಳನ್ನು ತಿರುವಿ ಉತ್ತರ ಬರೆದೆವು. ಪೂರ್ವಿಕರ ವಿಷಯವನ್ನು ತಿಳಿಯಬೇಕೆಂಬ ಆಶೆ ನಮ್ಮ ವಾಚಕರಲ್ಲಿ ಅನೇಕರಿಗೆ ಇರುವುದರಿಂದ, ಆ ಹುಡುಕಾಟದ ಕ್ರಮವನ್ನೂ ಅದರಿಂದ ನಾವು ಕಲಿತ ಪಾಠವನ್ನೂ ಈ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆಂದು ತೋರಿತು.

ಮೊದಲು ಪದಕದ ಸ್ವರೂಪವನ್ನು ಹೇಳಬೇಕು. ಅದು ಒಂದೂವರೆ ಅಂಗುಲಕ್ಕಿಂತ ಸ್ವಲ್ಪ ಕಡಿಮೆ ಅಗಲದ ದುಂಡಾದ ಬೆಳ್ಳಿಯ ಬಿಲ್ಲೆ. ಒಂದು ಮುಖದಲ್ಲಿ ವಿಕ್ಟೋರಿಯಾ ರಾಣಿಯವರ ಯೌವನಕಾಲದ ಮುಖವೂ 1848 ಎಂಬ ಇಸವಿಯೂ ಇವೆ. ಮತ್ತೊಂದು ಮುಖದಲ್ಲಿ ಬ್ರಿಟಾನಿಯಾ ಎಂಬ ದೇವಿಯು ತ್ರಿಶೂಲವನ್ನು ಹಿಡಿದು ಕಡಲ ಕುದುರೆಯ ಮೇಲೆ ಕುಳಿತಿರುವಳು. ವಿಲಿಯಂ ವಯನ್ ಎಂಬ ಪ್ರಸಿದ್ಧ ಶಿಲ್ಪಿ ಇದರ ಅಚ್ಚನ್ನು ಕೊರೆದನು. ಪದಕವನ್ನು ತೂಗಹಾಕುವ ರಿಬ್ಬನ್ನು ಬಿಳಿಯದು. ಅದರ ಎರಡು ಅಂಚುಗಳು ಕಡುನೀಲಿ. ರಿಬ್ಬನ್ನಿನ ಮೇಲೆ ಅಡ್ಡವಾಗಿ ಕೂಡಿಸಿದ ಒಂದು ಬೆಳ್ಳಿಯ ಪಟ್ಟಿಯಲ್ಲಿ ‘ಟ್ರಫಾಲ್ಗರ್’ ಎಂಬ ಒಂದೇ ಶಬ್ದ. ಬಿಲ್ಲೆಯ ದಪ್ಪನೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಿಂದ ಒಬ್ಬ ಮನುಷ್ಯನ ಹೆಸರು. ಅದರ ಮೇಲೆ ಮತ್ತೇನೂ ಇಲ್ಲ.

ಈ ಪದಕಕ್ಕೆ ನೌಕಾಪಡೆಯ ಸಾಮಾನ್ಯ ಸೇವಾಪದಕವೆಂದು ಹೆಸರು. ಇದು ಹುಟ್ಟಿದ ಬಗೆಯೇ ವಿಚಿತ್ರವಾದದ್ದು. 1793ರಿಂದ 1815ರ ವರೆಗೆ ಬ್ರಿಟನ್ನು ಫ್ರಾನ್ಸಿನೊಡನೆಯೂ ಅದರ ಮಿತ್ರರೊಡನೆಯೂ ಕಡಲಿನಲ್ಲಿ ಕಾದಾಡಿತು. ಆ ಕಾಲದಲ್ಲಿ ದೊಡ್ಡ ದೊಡ್ಡ ಕಾಳಗಗಳಲ್ಲಿ ಗೆದ್ದ ಸೇನಾಪತಿಗಳಿಗೂ ಕಪ್ಪಿತಾನರಿಗೂ ಚಿನ್ನದ ಪದಕಗಳು ದೊರಕಿದವು. ಫಿರಂಗಿಯನ್ನು ಎಳೆದ, ಹಾಯಿಯ ಕಂಬವನ್ನು ಹತ್ತಿದ ಸಾಧಾರಣ ನಾವಿಕನಿಗೆ ಸರ್ಕಾರದ ಪದಕ ದೊರಕಲಿಲ್ಲ. ಯುದ್ಧಗಳು ಮುಗಿದು ಒಂದು ತಲೆಮಾರು ಸರಿದ ಮೇಲೆ, 1847ರಲ್ಲಿ, ಉಳಿದಿರುವವರೆಲ್ಲರಿಗೂ ಬೆಳ್ಳಿಯ ಪದಕವನ್ನು ಕೊಡತಕ್ಕದ್ದೆಂದು ಆಜ್ಞೆಯಾಯಿತು. ತರುವಾಯ 1840ರ ವರೆಗಿನ ಕಾಳಗಗಳನ್ನೂ ಇದರಲ್ಲಿ ಸೇರಿಸಿದರು. ಒಟ್ಟು 231 ಬಗೆಯ ಅಡ್ಡಪಟ್ಟಿಗಳಿಗೆ ಅನುಮತಿ ಸಿಕ್ಕಿತು. ಸುಮಾರು 20,900 ಪದಕಗಳು ಹಂಚಲ್ಪಟ್ಟವು.

ಇಲ್ಲಿ ಎರಡು ನಿಯಮಗಳನ್ನು ವಾಚಕರು ಗಮನಿಸಬೇಕು. ಒಂದನೆಯದು, ಪದಕವು ತಾನಾಗಿ ಮನೆಗೆ ಬರಲಿಲ್ಲ. ನಾವಿಕನೇ ಅರ್ಜಿ ಹಾಕಬೇಕಾಗಿತ್ತು. 1851ನೆಯ ಇಸವಿಯ ಮೇ ತಿಂಗಳ ತನಕ ಅರ್ಜಿಗಳನ್ನು ತೆಗೆದುಕೊಂಡರು. ಎರಡನೆಯದು, ಅರ್ಜಿ ಹಾಕುವಾಗ ಅವನು ಬದುಕಿರಬೇಕಾಗಿತ್ತು. ಟ್ರಫಾಲ್ಗರಿನ ಕಾಳಗವು ನಡೆದದ್ದು 1805ನೆಯ ಇಸವಿ ಅಕ್ಟೋಬರ್ 21ರಂದು. ಆ ದಿನ 27 ದೊಡ್ಡ ಬ್ರಿಟಿಷ್ ಹಡಗುಗಳು, ಫ್ರಾನ್ಸು ಮತ್ತು ಸ್ಪೇನ್ ದೇಶಗಳ 33 ಹಡಗುಗಳನ್ನು ಎದುರಿಸಿ ಗೆದ್ದವು. ನೆಲ್ಸನ್ ಸೇನಾಪತಿಯು ಮಡಿದನು. ಬ್ರಿಟಿಷ್ ಪಕ್ಷದಲ್ಲಿ ಅಂದು 18,000ಕ್ಕೂ ಹೆಚ್ಚು ಜನರು ಇದ್ದರು. ನಲವತ್ತೆರಡು ವರ್ಷಗಳ ಮೇಲೆ ಆ ಕಾಳಗದ ಅಡ್ಡಪಟ್ಟಿಯನ್ನು ಪಡೆದವರು 1,600ಕ್ಕಿಂತ ಸ್ವಲ್ಪವೇ ಹೆಚ್ಚು. ಅಂದರೆ ಹತ್ತು ಮಂದಿಯಲ್ಲಿ ಒಬ್ಬನೂ ಅಲ್ಲ. ಕೆಲವರು ಸತ್ತಿದ್ದರು, ಕೆಲವರಿಗೆ ಓದುಬರಹ ಬಾರದು, ಕೆಲವರಿಗೆ ಸುದ್ದಿಯೇ ಮುಟ್ಟಿರಲಿಕ್ಕಿಲ್ಲ. ಆದಕಾರಣ ಒಂದು ಪದಕವು ಮನೆಯಲ್ಲಿದೆಯೆಂದರೆ, ಕಾಳಗದಲ್ಲಿ ಉಳಿದುಕೊಂಡು, ಮುದುಕನಾಗುವ ತನಕ ಬಾಳಿ, ತನ್ನ ಪಾಲನ್ನು ತಾನೇ ಕೇಳಿಕೊಂಡ ಒಬ್ಬ ಮನುಷ್ಯನು ಆ ವಂಶದಲ್ಲಿದ್ದನೆಂದು ಅರ್ಥ.

ನಮ್ಮ ಶಿಷ್ಯೆಯ ಅತ್ತೆಯವರು ತೊಂಬತ್ತು ವರ್ಷ ಸಮೀಪಿಸಿದ್ದ ವೃದ್ಧೆ. ಆ ಮನೆತನದ ಹಿರಿಯನು ನೆಲ್ಸನ್ನನ ಸ್ವಂತ ಹಡಗಾದ ‘ವಿಕ್ಟರಿ’ಯಲ್ಲಿದ್ದನೆಂದೂ, ಸ್ವದೇಶಾಭಿಮಾನದಿಂದ ತಾನಾಗಿ ಪಡೆಯನ್ನು ಸೇರಿದನೆಂದೂ, ಗುಂಡು ತಗಲಿ ಬಿದ್ದ ಸೇನಾಪತಿಯನ್ನು ಎತ್ತಿಕೊಂಡು ಹೋದವರಲ್ಲಿ ಅವನೂ ಒಬ್ಬನೆಂದೂ ಆಕೆ ತನ್ನ ಅಜ್ಜಿಯಿಂದ ಕೇಳಿ ತಿಳಿದಿದ್ದರು. ಈ ಕಥೆಯನ್ನು ಆಕೆ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳಿಕೊಂಡು ಬಂದಿದ್ದರು. ಇದನ್ನು ಸ್ಥಿರಪಡಿಸಿಕೊಡಬೇಕೆಂಬುದೇ ನಮ್ಮ ಮೊದಲಿನ ಉದ್ದೇಶವಾಗಿತ್ತು.

ಕೆಲಸದ ಕ್ರಮವು ಹೀಗೆ. ಬ್ರಿಟಿಷ್ ನೌಕಾಪಡೆಯ ಬಹುಪಾಲು ಹಳೆಯ ಕಾಗದಪತ್ರಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿ ಇಡಲ್ಪಟ್ಟಿವೆ. ನೌಕಾಪಡೆಯ ಕಟ್ಟುಗಳಿಗೆ ಎ.ಡಿ.ಎಂ. ಎಂಬ ಗುರುತು, ಅದರ ಮುಂದೆ ಒಂದು ಅಂಕೆ. 1853ರ ತರುವಾಯ ಪಡೆಯನ್ನು ಸೇರಿದ ನಾವಿಕರಿಗೆ ಒಂದೊಂದು ಸಂಖ್ಯೆಯನ್ನು ಕೊಟ್ಟು ಅವರ ಸೇವೆಯನ್ನು ಒಂದೆಡೆಯಲ್ಲಿ ಬರೆದಿಟ್ಟರು. ಅದಕ್ಕೂ ಹಿಂದಿನವರಿಗೆ ಇಂಥ ಅನುಕೂಲವಿಲ್ಲ. ಆಗ ನಾವಿಕನು ಒಂದು ಹಡಗಿಗೆ ಸೇರುತ್ತಿದ್ದನೇ ಹೊರತು ಒಂದು ಪಡೆಗಲ್ಲ. ಹಡಗಿನ ಹೆಸರು ತಿಳಿಯದ ಹೊರತು ಸಾಧಾರಣ ನಾವಿಕನನ್ನು ಹುಡುಕುವುದು ಬಹು ಕಷ್ಟ. ಈ ಪದಕದ ಅಂಚಿನಲ್ಲಿಯಾದರೋ ಅಧಿಕಾರಿಗಳಿಗೆ ಮಾತ್ರ ಪದವಿಯನ್ನು ಕೆತ್ತಿದರು. ಸಾಮಾನ್ಯರಿಗೆ ಬರಿಯ ಹೆಸರು. ಹಡಗಿನ ಹೆಸರು ಯಾರಿಗೂ ಇಲ್ಲ.

ಆದುದರಿಂದ ಮೊದಲು ನೋಡತಕ್ಕದ್ದು ಪದಕದ ಯಾದಿ. ಅರ್ಜಿಗಳು ಮಂಜೂರಾದಾಗ ಬರೆದ ಈ ಯಾದಿಗಳು ಎ.ಡಿ.ಎಂ. 171 ಎಂಬ ಕಟ್ಟಿನಲ್ಲಿವೆ. ಎರಡನೆಯದು ಹಡಗಿನ ಹಾಜರಿ ಪುಸ್ತಕ, ಅದು ಎ.ಡಿ.ಎಂ. 36 ಮತ್ತು 37ರಲ್ಲಿ ದೊರಕುವುದು. ಇವಲ್ಲದೆ, ಟ್ರಫಾಲ್ಗರಿನಲ್ಲಿದ್ದ 18,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ದಫ್ತರಖಾನೆಯವರೇ ಒಟ್ಟುಗೂಡಿಸಿ ಎಲ್ಲರೂ ಮನೆಯಲ್ಲಿಯೇ ಅಂತರ್ಜಾಲದ ಮೂಲಕ ನೋಡುವಂತೆ ಮಾಡಿದ್ದಾರೆ. ನಾವು ಇಲ್ಲಿ ನಮ್ಮ ಮೇಜಿನ ಮುಂದೆ ಕುಳಿತೇ ಅದನ್ನು ನೋಡಿದೆವು. ನೋಡಿದ ಕೂಡಲೇ ನಮ್ಮ ಉತ್ಸಾಹವು ಕುಗ್ಗಿತು. ಯಾಕಂದರೆ ಅದೇ ಹೆಸರಿನವರು ಆ ಕಾಳಗದಲ್ಲಿ ಒಬ್ಬನಲ್ಲ, ಮೂವರು ಇದ್ದರು. ಒಬ್ಬನು ‘ವಿಕ್ಟರಿ’ಯಲ್ಲಿ, ಒಬ್ಬನು ‘ಡಿಫಯನ್ಸ್’ ಎಂಬ ಹಡಗಿನಲ್ಲಿ, ಮತ್ತೊಬ್ಬನು ಬೇರೊಂದರಲ್ಲಿ.

ಇಂಥ ಸಮಯದಲ್ಲಿಯೇ ಮನಸ್ಸು ಮೋಸ ಹೋಗುವುದು. ನಮಗೆ ಬೇಕಾದವನು ‘ವಿಕ್ಟರಿ’ಯಲ್ಲಿ ಸಿಕ್ಕಿದನಷ್ಟೆ, ಇನ್ನು ಹುಡುಕುವುದೇಕೆ ಎಂದು ತೋರಿತು. ನಮ್ಮ ಶಿಷ್ಯೆಯೂ ಹಾಗೆಯೇ ಬರೆದರು. ಆದರೆ ಪದಕವನ್ನು ಪಡೆದವನು ಯಾರೆಂಬುದು ಯಾದಿಯಿಂದ ಮಾತ್ರವೇ ತಿಳಿಯತಕ್ಕದ್ದು. ಆಕೆ ಕ್ಯೂಗೆ ಹೋಗಿ ಯಾದಿಯನ್ನು ನೋಡಿದಾಗ, ಆ ಹೆಸರಿನವರಲ್ಲಿ ಅರ್ಜಿ ಹಾಕಿ ಪದಕ ಪಡೆದವನು ಒಬ್ಬನೇ ಎಂದೂ, ಅವನು ‘ಡಿಫಯನ್ಸ್’ ಹಡಗಿನವನೆಂದೂ ಗೊತ್ತಾಯಿತು. ಒಂದೇ ಸಾಕ್ಷಿಯನ್ನು ನಂಬಬಾರದೆಂದು 1851ರ ಜನಗಣತಿಯ ಕಾಗದಗಳನ್ನೂ ತೆಗೆಸಿದೆವು. ಮನೆತನದ ಊರಿನಲ್ಲಿ ಅದೇ ಹೆಸರಿನ ಮುದುಕನೊಬ್ಬನು ಸಿಕ್ಕಿದನು. ಅವನ ವಯಸ್ಸೂ ಹುಟ್ಟಿದ ಊರೂ ‘ಡಿಫಯನ್ಸ್’ ಹಡಗಿನ ಹಾಜರಿ ಪುಸ್ತಕದೊಡನೆ ಸರಿಹೋದವು, ‘ವಿಕ್ಟರಿ’ಯವನೊಡನೆ ಸರಿಹೋಗಲಿಲ್ಲ.

ಹಾಜರಿ ಪುಸ್ತಕದ ವಿಷಯವನ್ನು ಸ್ವಲ್ಪ ವಿವರಿಸುವೆವು. ಹಡಗಿನಲ್ಲಿ ಎಷ್ಟು ಮಂದಿಗೆ ಊಟ ಹಾಕಬೇಕು, ಎಷ್ಟು ಸಂಬಳ ಕೊಡಬೇಕೆಂಬ ಲೆಕ್ಕಕ್ಕಾಗಿ ಇದನ್ನು ಇಟ್ಟರು. ಪ್ರತಿಯೊಬ್ಬನಿಗೆ ಒಂದು ಸಾಲು. ಸೇರಿದ ದಿನ, ಹುಟ್ಟಿದ ಊರು, ಸೇರುವಾಗಿನ ವಯಸ್ಸು, ಹೆಸರು, ದರ್ಜೆ, ಬಟ್ಟೆಗೂ ಹಾಸಿಗೆಗೂ ಹೊಗೆಸೊಪ್ಪಿಗೂ ಸಂಬಳದಲ್ಲಿ ಹಿಡಿದ ಹಣ, ಇವೆಲ್ಲ ಅದರಲ್ಲಿವೆ. ಕೊನೆಯಲ್ಲಿ ಒಂದೆರಡು ಅಕ್ಷರಗಳು: ‘ಡಿ’ ಎಂದರೆ ಹಡಗನ್ನು ಬಿಟ್ಟವನು, ‘ಡಿಡಿ’ ಎಂದರೆ ಸತ್ತವನು, ‘ಆರ್’ ಎಂದರೆ ಓಡಿಹೋದವನು. ಒಂದು ಕುಟುಂಬದ ಅಳುವೆಲ್ಲವೂ ಆ ಎರಡಕ್ಷರದಲ್ಲಿ ಅಡಗಿರುವುದು. ಆ ಕಾಲದ ಹಡಗುಗಳಲ್ಲಿ ಅನೇಕ ದೇಶಗಳ ಜನರಿದ್ದರೆಂಬುದೂ ಈ ಪುಸ್ತಕಗಳಿಂದಲೇ ತಿಳಿದುಬರುವುದು. ಭಾರತದಲ್ಲಿ ಹುಟ್ಟಿದವರೆಂದು ಬರೆಸಿದವರೂ ಟ್ರಫಾಲ್ಗರಿನಲ್ಲಿ ಇದ್ದರು.

ನಮ್ಮ ಶಿಷ್ಯೆಯ ಪತಿಯ ಹಿರಿಯನ ಸಾಲಿನಲ್ಲಿ ಮತ್ತೊಂದು ಮಾತು ಇತ್ತು. ನಾವಿಕನು ತಾನಾಗಿ ಬಂದವನೋ, ಬಲಾತ್ಕಾರದಿಂದ ತರಲ್ಪಟ್ಟವನೋ ಎಂಬುದನ್ನು ತಿಳಿಸುವ ಕಲಮಿನಲ್ಲಿ, ಅವನು ಹಿಡಿದು ತರಲ್ಪಟ್ಟವನೆಂದು ಬರೆದಿತ್ತು. ಆ ದಿನಗಳಲ್ಲಿ ಯುದ್ಧಕ್ಕೆ ಜನ ಸಾಲದಾದಾಗ, ಸರ್ಕಾರದ ಆಜ್ಞಾಪತ್ರವನ್ನು ಹಿಡಿದ ತಂಡಗಳು ರೇವುಪಟ್ಟಣಗಳ ಬೀದಿಗಳಲ್ಲಿಯೂ ವ್ಯಾಪಾರದ ಹಡಗುಗಳಲ್ಲಿಯೂ ಗಂಡಸರನ್ನು ಹಿಡಿದು ಒಯ್ಯುತ್ತಿದ್ದವು. ಇವನ ದರ್ಜೆ ‘ಲ್ಯಾಂಡ್‌ಮನ್’, ಅಂದರೆ ಕಡಲಿನ ಕೆಲಸವನ್ನು ಅರಿಯದ ಹೊಸಬ. ವಯಸ್ಸು ಇಪ್ಪತ್ತೆರಡು.

ಹೀಗೆ ಮನೆತನದ ಕಥೆಯ ಮೂರು ಕಂಬಗಳೂ ಬಿದ್ದುಹೋದವು. ಅವನು ‘ವಿಕ್ಟರಿ’ಯವನಲ್ಲ; ನೆಲ್ಸನ್ನನನ್ನು ಎತ್ತಿದವನಲ್ಲ; ತಾನಾಗಿ ಬಂದವನೂ ಅಲ್ಲ. ನಮ್ಮ ಶಿಷ್ಯೆಯು ಬಹಳ ವ್ಯಸನದಿಂದ ಬರೆದರು: “ಟೀಚರವರೇ, ಅತ್ತೆಯವರಿಗೆ ಇದನ್ನು ಹೇಗೆ ಹೇಳಲಿ? ಅವರು ತೊಂಬತ್ತು ವರ್ಷ ಇಟ್ಟುಕೊಂಡು ಬಂದದ್ದನ್ನು ಒಂದು ಹಳೆಯ ಕಾಗದಕ್ಕಾಗಿ ಕಿತ್ತುಕೊಳ್ಳಬೇಕೇ? ಹೇಳದೆ ಬಿಟ್ಟರೆ ನನ್ನ ಮಗಳು ಸುಳ್ಳನ್ನೇ ಕಲಿಯುವಳಲ್ಲ?” ಇದಕ್ಕೆ ಉತ್ತರ ಬರೆಯಲು ನಮಗೆ ಒಂದು ವಾರ ಹಿಡಿಯಿತು. ತರಗತಿಯಲ್ಲಿ ಸತ್ಯವನ್ನೇ ಹೇಳಬೇಕೆಂದು ಬೋಧಿಸುವುದು ಸುಲಭ. ವೃದ್ಧೆಯೊಬ್ಬಳ ಹಾಸಿಗೆಯ ಬಳಿ ಕುಳಿತು ಹೇಳುವುದು ಸುಲಭವಲ್ಲ. ಕಡೆಗೆ ನಾವು ಹೀಗೆ ಬರೆದೆವು: ಹೇಳಬೇಕು, ಆದರೆ ಬರಿಗೈಯಿಂದ ಹೋಗಿ ಹೇಳಬಾರದು. ಅವನು ಏನಾಗಿರಲಿಲ್ಲ ಎಂಬುದನ್ನು ಹೇಳುವ ಮೊದಲು, ಅವನು ಏನಾಗಿದ್ದನೆಂಬುದನ್ನು ಕಂಡುಕೊಳ್ಳೋಣ.

ಆ ಮೇಲೆ ‘ಡಿಫಯನ್ಸ್’ ಹಡಗಿನ ಚರಿತ್ರೆಯನ್ನು ಓದಿದೆವು. ಅದು 74 ಫಿರಂಗಿಗಳ ಹಡಗು. ಫಿಲಿಪ್ ಡರ್ಹಂ ಎಂಬವನು ಅದರ ಕಪ್ಪಿತಾನ. ಕಾಳಗದ ದಿನ ಅದು ‘ಎಗ್ಲ್’ ಎಂಬ ಫ್ರೆಂಚ್ ಹಡಗಿನೊಡನೆ ಹೋರಾಡಿತು. ದೋಣಿಗಳೆಲ್ಲ ಒಡೆದುಹೋಗಿದ್ದಾಗ ಜೇಮ್ಸ್ ಸ್ಪ್ರಾಟ್ ಎಂಬ ಕಿರಿಯ ಅಧಿಕಾರಿಯು ಕತ್ತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ನೀರಿಗೆ ಹಾರಿ, ಈಜಿಕೊಂಡು ಹೋಗಿ ಶತ್ರುವಿನ ಹಡಗನ್ನು ಹತ್ತಿದನು. ಕೊನೆಗೆ ಆ ಹಡಗು ಶರಣಾಯಿತು. ‘ಡಿಫಯನ್ಸ್’ನಲ್ಲಿ 17 ಮಂದಿ ಸತ್ತರು, 53 ಮಂದಿ ಗಾಯಪಟ್ಟರು. ಕಾಳಗದ ತರುವಾಯ ಭಯಂಕರವಾದ ಬಿರುಗಾಳಿ ಎದ್ದು, ಗೆದ್ದುಕೊಂಡ ಹಡಗುಗಳಲ್ಲಿ ಅನೇಕವನ್ನು ಕಡಲು ನುಂಗಿತು. ಕಡಲನ್ನರಿಯದ ಇಪ್ಪತ್ತೆರಡರ ಹುಡುಗನು ಬಲಾತ್ಕಾರದಿಂದ ಇಂಥ ಸ್ಥಳಕ್ಕೆ ತರಲ್ಪಟ್ಟು, ತನ್ನ ಕೆಲಸವನ್ನು ಮಾಡಿ, ಓಡಿಹೋಗದೆ, ಜೀವದಿಂದ ಹಿಂದಿರುಗಿದನು. ಅವನ ಸಾಲಿನಲ್ಲಿ ‘ಆರ್’ ಎಂಬ ಅಕ್ಷರವಿಲ್ಲ. ಇದೇನೂ ಅಲ್ಪವಾದ ಮಾತಲ್ಲವೆಂದು ನಮಗೆ ತೋರಿತು.

ನಮ್ಮ ಶಿಷ್ಯೆಯು ಇದನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಅತ್ತೆಯವರಿಗೆ ನಿಧಾನವಾಗಿ ಓದಿ ಹೇಳಿದರು. ವೃದ್ಧೆಯು ಪದಕವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನಿದ್ದರಂತೆ. ತರುವಾಯ, “ಇಪ್ಪತ್ತೆರಡು ವರ್ಷದವನೆಂದೆಯಲ್ಲ, ಅವನಿಗಾಗಿ ಮನೆಯಲ್ಲಿ ಕಾದುಕೊಂಡಿದ್ದವಳು ಯಾರು? ಅವಳ ಹೆಸರನ್ನು ನನಗೆ ಯಾರೂ ಹೇಳಲಿಲ್ಲ,” ಎಂದು ಕೇಳಿದರಂತೆ.

ಈ ಪ್ರಶ್ನೆಯು ನಮಗೆ ಹೊಳೆದೇ ಇರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಮಾನವೆಲ್ಲ ಪಾಠ ಹೇಳಿದ ನಾವು ಒಂದು ವರ್ಷ ಪೂರಾ ಗಂಡಸನೊಬ್ಬನ ಹೆಸರನ್ನೇ ಹುಡುಕುತ್ತಿದ್ದೆವು.

ಆ ಹೆಸರನ್ನು ಹುಡುಕಲು ಹೊರಟಾಗ ಬೇರೊಂದು ಲೋಕವೇ ಕಣ್ಣಿಗೆ ಬಿತ್ತು. ಆ ಕಾಲದ ಯುದ್ಧದ ಹಡಗುಗಳಲ್ಲಿ ಹೆಂಗಸರೂ ಇದ್ದರು. ಅವರಲ್ಲಿ ಅನೇಕರು ಕೆಳದರ್ಜೆಯ ಅಧಿಕಾರಿಗಳ ಮತ್ತು ನಾವಿಕರ ಹೆಂಡಂದಿರು. ಹಾಜರಿ ಪುಸ್ತಕದಲ್ಲಿ ಸಾಧಾರಣವಾಗಿ ಅವರ ಹೆಸರಿಲ್ಲ. ಯಾಕಂದರೆ ಸರ್ಕಾರವು ಅವರಿಗೆ ಸಂಬಳವನ್ನಾಗಲಿ ಊಟವನ್ನಾಗಲಿ ಕೊಡಲಿಲ್ಲ. ಕಾಳಗದ ಹೊತ್ತಿನಲ್ಲಿ ಅವರು ಫಿರಂಗಿಗಳಿಗೆ ಮದ್ದನ್ನು ಹೊತ್ತರು, ವೈದ್ಯನ ಬಳಿ ಗಾಯಾಳುಗಳನ್ನು ಉಪಚರಿಸಿದರು. 1798ರಲ್ಲಿ ನಡೆದ ನೈಲ್ ಕಾಳಗದ ತರುವಾಯ ‘ಗೋಲಾಯತ್’ ಹಡಗಿನ ಕಪ್ಪಿತಾನನು ನಾಲ್ವರು ಹೆಂಗಸರ ಹೆಸರುಗಳನ್ನು ತನ್ನ ಹಾಜರಿ ಪುಸ್ತಕದಲ್ಲಿ ಬರೆಸಿದನು. ಅವರು ಆ ಕಾಳಗದಲ್ಲಿ ಗಂಡಂದಿರನ್ನು ಕಳಕೊಂಡ ವಿಧವೆಯರು. ಗಾಯಾಳುಗಳ ಸೇವೆ ಮಾಡಿದ್ದಕ್ಕಾಗಿ ಅವರಿಗೆ ನಾವಿಕನ ಊಟದ ಮೂರರಲ್ಲಿ ಎರಡು ಪಾಲು ಸಲ್ಲತಕ್ಕದ್ದೆಂದು ಏರ್ಪಡಿಸಿದನು.

ಪದಕದ ಆಜ್ಞೆ ಹೊರಟಾಗ ಕೆಲವು ಹೆಂಗಸರು ಸಹ ಅರ್ಜಿ ಹಾಕಿದರು. ಅವರಲ್ಲಿ ಜೇನ್ ಟೌನ್ಸೆಂಡ್ ಎಂಬಾಕೆಯು ಟ್ರಫಾಲ್ಗರಿನ ದಿನ ಯಾವ ಹಡಗಿನಲ್ಲಿದ್ದಳೆಂದು ಓದಿದಾಗ ನಾವು ಬೆರಗಾದೆವು: ಅದು ಅದೇ ‘ಡಿಫಯನ್ಸ್’. ಆಕೆಯ ಉಪಯುಕ್ತವಾದ ಸೇವೆಗೆ ತಕ್ಕ ಪ್ರಮಾಣಪತ್ರಗಳಿದ್ದವು. ಕಾಳಗದಲ್ಲಿದ್ದವರೆಲ್ಲರಿಗೂ ಕೊಡಬೇಕೆಂದು ರಾಣಿಯವರ ಆಜ್ಞೆಯಿರುವುದರಿಂದ, ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲವೆಂದು ಪರಿಶೀಲಿಸಿದವರು ಮೊದಲು ಒಪ್ಪಿಕೊಂಡರು. ಆಲೋಚಿಸಿದ ಮೇಲೆ ನಿರಾಕರಿಸಿದರು. ಅವರು ಹೇಳಿದ ಕಾರಣವು ವಿಚಾರಿಸತಕ್ಕದ್ದು. ಆಕೆ ಕೆಲಸ ಮಾಡಲಿಲ್ಲವೆಂದು ಅವರು ಹೇಳಲಿಲ್ಲ. ಅಷ್ಟೇ ಉಪಯುಕ್ತರಾದ ಹೆಂಗಸರು ಪಡೆಯಲ್ಲಿ ಬಹಳ ಮಂದಿ ಇದ್ದುದರಿಂದ ಒಬ್ಬಳಿಗೆ ಕೊಟ್ಟರೆ ಅಸಂಖ್ಯಾತ ಅರ್ಜಿಗಳು ಬರುವವೆಂದು ಹೇಳಿದರು. ನೈಲ್ ಕಾಳಗದ ವಿಷಯವಾಗಿ ಅರ್ಜಿ ಹಾಕಿದ ಆನ್ ಹಾಪಿಂಗ್, ಮೇರಿ ಆನ್ ರೈಲಿ ಎಂಬ ಇಬ್ಬರಿಗೂ ಪದಕ ಸಿಗಲಿಲ್ಲ. ಇತ್ತ, 1794ನೆಯ ಇಸವಿ ಜೂನ್ 1ರ ಕಾಳಗದ ಹೊತ್ತಿನಲ್ಲಿ ‘ಟ್ರಿಮೆಂಡಸ್’ ಹಡಗಿನಲ್ಲಿ ಹುಟ್ಟಿದ ಡೇನಿಯಲ್ ಟ್ರಿಮೆಂಡಸ್ ಮೆಕೆಂಜಿ ಎಂಬ ಗಂಡು ಮಗುವಿಗೆ, ಅವನು ದೊಡ್ಡವನಾದ ಮೇಲೆ, ಪದಕವು ದೊರಕಿತು. ಯಾದಿಯಲ್ಲಿ ಅವನ ದರ್ಜೆ ‘ಶಿಶು’ ಎಂದಿದೆ. ಫಿರಂಗಿಗಳ ಗರ್ಜನೆಯ ನಡುವೆ ಅವನನ್ನು ಹೆತ್ತ ತಾಯಿಗೆ ಪದಕವಿಲ್ಲ.

ಹಾಗಾದರೆ ಮನೆಯಲ್ಲಿ ಕಾದುಕೊಂಡಿದ್ದವಳ ಹೆಸರು? ಅದಕ್ಕೂ ಒಂದು ಪುಸ್ತಕವಿತ್ತು. 1795ರಿಂದ ನಾವಿಕನು ತನ್ನ ಸಂಬಳದ ಒಂದು ಭಾಗವನ್ನು ಹೆಂಡತಿಗಾಗಲಿ ತಾಯಿಗಾಗಲಿ ಊರಿನಲ್ಲಿಯೇ ದೊರೆಯುವಂತೆ ಬರೆದುಕೊಡಬಹುದಾಗಿತ್ತು. ಆ ಲೆಕ್ಕದ ಪುಸ್ತಕಗಳು ಎ.ಡಿ.ಎಂ. 27 ಎಂಬ ಕಟ್ಟಿನಲ್ಲಿವೆ. ಅವುಗಳಲ್ಲಿ ಹಡಗಿನ ಹೆಸರು, ನಾವಿಕನ ಹೆಸರು, ಹಣವನ್ನು ತೆಗೆದುಕೊಳ್ಳತಕ್ಕವಳ ಹೆಸರು, ಅವಳಿರುವ ಊರು ಇವೆಲ್ಲ ಇವೆ. ನಮ್ಮ ಶಿಷ್ಯೆಯೂ ಅವರ ಮಗಳೂ ರಜೆಯಲ್ಲಿ ನಾಲ್ಕು ದಿನ ಕುಳಿತು ಪುಟಗಳನ್ನು ತಿರುವಿದರು. ಕಾಳಗವಾಗಿ ಮೂರು ವರ್ಷಗಳ ಮೇಲಿನ ಒಂದು ಪುಟದಲ್ಲಿ, ಅವನು ಆಗ ಸೇರಿದ್ದ ಮತ್ತೊಂದು ಹಡಗಿನ ಕೆಳಗೆ, ಆ ಹೆಸರು ಸಿಕ್ಕಿತು. ಹುಡುಗಿಯೇ ಮೊದಲು ಕಂಡದ್ದು. ಊರು ಅದೇ; ಆ ಊರಿನ ಚರ್ಚಿನ ವಿವಾಹದ ಪುಸ್ತಕದಲ್ಲಿಯೂ ಅದೇ ಹೆಸರು. ಅದನ್ನು ಇಲ್ಲಿ ಅಚ್ಚುಮಾಡಬಾರದೆಂದು ಮನೆಯವರ ಇಚ್ಛೆಯಾದುದರಿಂದ ನಾವು ಬರೆಯುವುದಿಲ್ಲ. ಆದರೆ ಅತ್ತೆಯವರು ಅದನ್ನು ಕೇಳಿ, ತಮ್ಮ ಕುಟುಂಬದ ಬೈಬಲಿನ ಮೊದಲನೆಯ ಪುಟದಲ್ಲಿ ಗಂಡನ ಹೆಸರಿನ ಪಕ್ಕದಲ್ಲಿ, ಇನ್ನೂರು ವರ್ಷಗಳಿಂದ ಬರಿದಾಗಿದ್ದ ಸ್ಥಳದಲ್ಲಿ, ನಡುಗುವ ಕೈಯಿಂದ ತಾವೇ ಬರೆದರು. ಆರು ತಿಂಗಳ ಮೇಲೆ ಅವರು ತೀರಿಕೊಂಡರು. ‘ವಿಕ್ಟರಿ’ಯ ಕಥೆಯನ್ನು ಅವರು ಮತ್ತೆ ಹೇಳಲಿಲ್ಲವಂತೆ, ಹೊಸ ಕಥೆಯನ್ನು ಬಂದವರಿಗೆಲ್ಲ ಹೇಳಿದರಂತೆ.

ಇದು ದೂರದೇಶದ ಮಾತೆಂದು ನಮ್ಮ ವಾಚಕರು ಎಣಿಸಬಾರದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯವರು ಒಂದು ಪದಕವನ್ನು ಮಾಡಿಸಿದರು. ಅದರಲ್ಲಿ ಸಿಂಹವು ಹುಲಿಯನ್ನು ಕೆಡವಿರುವ ಚಿತ್ರವಿದೆ. ಮೇಲಿನವರಿಗೆ ಚಿನ್ನ, ಬೆಳ್ಳಿ; ಸಿಪಾಯಿಗೆ ತವರ. ಅದನ್ನು ಕೊಡುವಾಗ ಅಂಚಿನಲ್ಲಿ ಯಾರ ಹೆಸರನ್ನೂ ಕೆತ್ತಲಿಲ್ಲ. ಆದುದರಿಂದ ಅಂಥ ತವರದ ಬಿಲ್ಲೆಯೊಂದು ಇಂದು ಕೈಗೆ ಸಿಕ್ಕಿದರೆ, ಅದನ್ನು ಧರಿಸಿದ್ದವನು ಯಾರೆಂದು ಬಿಲ್ಲೆಯು ಹೇಳಲಾರದು. ಸನಿಹದ ಕಾಲದಲ್ಲಿಯೂ, 1914ರಿಂದ 1918ರ ಯುದ್ಧದಲ್ಲಿ ರಾಯಲ್ ಇಂಡಿಯನ್ ಮೆರೀನ್ ಎಂಬ ಪಡೆಯಲ್ಲಿಯೂ, ಅದು 1934ರಲ್ಲಿ ರಾಯಲ್ ಇಂಡಿಯನ್ ನೇವಿಯಾದ ಮೇಲೆ 1939ರಿಂದ 1945ರ ಯುದ್ಧದಲ್ಲಿಯೂ ನಮ್ಮ ದೇಶದವರು ಸೇವೆ ಮಾಡಿದರು. 1942ನೆಯ ಇಸವಿ ನವಂಬರಿನಲ್ಲಿ ‘ಬೆಂಗಾಲ್’ ಎಂಬ ಸಣ್ಣ ಭಾರತೀಯ ಹಡಗು ತನಗಿಂತ ಬಹಳ ದೊಡ್ಡವಾದ ಎರಡು ಜಪಾನಿ ಹಡಗುಗಳನ್ನು ಎದುರಿಸಿ ಉಳಿದು ಬಂದಿತು. ಕಡಲೇ ಸಮಾಧಿಯಾದ ಭಾರತೀಯ ನಾವಿಕರ ಸ್ಮಾರಕವು ಮುಂಬಯಿಯ ನಾವಿಕರ ವಸತಿಗೃಹದಲ್ಲಿದೆ. ಮೊದಲನೆಯ ಯುದ್ಧದವರೇ ಅದರಲ್ಲಿ 2,000ಕ್ಕೂ ಹೆಚ್ಚು. ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗದವರು ಈ ಹೆಸರುಗಳ ಯಾದಿಯನ್ನು ಇಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು. ಕಂಪೆನಿಯ ಕಾಲದ ನೌಕಾಪಡೆಯ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಫ್ತರಗಳೊಡನೆ ಇವೆ.

ನಮ್ಮ ವಾಚಕರ ಮನೆಗಳಲ್ಲಿ ಯಾರಲ್ಲಾದರೂ ಇಂಥ ಪದಕವಿದ್ದರೆ ಕೆಲವು ಸೂಚನೆಗಳನ್ನು ಮನಸ್ಸಿನಲ್ಲಿಡಬೇಕು. ಹುಣಿಸೆಹಣ್ಣಿನಿಂದಲೋ ಬೂದಿಯಿಂದಲೋ ಅದನ್ನು ತಿಕ್ಕಿ ಹೊಳಪಿಸಬಾರದು. ಅಂಚಿನ ಅಕ್ಷರಗಳು ಸವೆದುಹೋದರೆ ಮುಖ್ಯ ಸಾಕ್ಷಿಯೇ ಹೋಯಿತು. ಬೆಳಕಿಗೆ ಹಿಡಿದು, ಅಂಚನ್ನು ಸುತ್ತಲೂ ತಿರುಗಿಸಿ, ಕಾಣುವ ಪ್ರತಿಯೊಂದು ಅಕ್ಷರವನ್ನೂ ಅಂಕೆಯನ್ನೂ ಇದ್ದ ಹಾಗೆಯೇ ಬರೆದುಕೊಳ್ಳಬೇಕು. 1914ರ ಯುದ್ಧದ ಪದಕಗಳಲ್ಲಿ ಸಂಖ್ಯೆಯೂ ದರ್ಜೆಯೂ ಇರುವುದರಿಂದ ಹುಡುಕುವುದು ಸುಲಭ. ಅಂಚು ಒಂದು ಕಡೆ ತೆಳ್ಳಗಾಗಿದ್ದರೆ ಹಳೆಯ ಹೆಸರನ್ನು ಅರೆದು ಬೇರೆ ಹೆಸರನ್ನು ಕೆತ್ತಿರಬಹುದೆಂದು ಸಂದೇಹಪಡಬೇಕು. ರಿಬ್ಬನ್ನು ಹಳೆಯದಾದರೂ ಬಿಸಾಡಬಾರದು. ಪದಕದ ಹೆಸರನ್ನು ಯಾದಿಯೊಡನೆ, ಯಾದಿಯನ್ನು ಹಾಜರಿ ಪುಸ್ತಕದೊಡನೆ, ಅದನ್ನು ಜನಗಣತಿ ಇಲ್ಲವೆ ಚರ್ಚಿನ ಪುಸ್ತಕದೊಡನೆ ಒಪ್ಪಿಟ್ಟು ನೋಡುವ ತನಕ ‘ಇವನೇ ನಮ್ಮವನು’ ಎಂದು ಹೇಳಬಾರದು. ಮನೆಯ ಹಿರಿಯರು ಹೇಳುವ ಕಥೆಯನ್ನು ಮಾತ್ರ ಮೊದಲೇ, ಅವರ ಮಾತಿನಲ್ಲಿಯೇ, ಬರೆದಿಟ್ಟುಕೊಳ್ಳಬೇಕು. ಅದು ತಪ್ಪಾಗಿದ್ದರೂ ಒಂದು ಸಾಕ್ಷಿಯೇ. ಆ ವೃದ್ಧೆಯು ಕಥೆಯನ್ನು ಹೇಳದೆ ಇದ್ದಿದ್ದರೆ ಪದಕವು ಇಷ್ಟರೊಳಗೆ ಅಕ್ಕಸಾಲಿಗನ ಕುಲುಮೆಯಲ್ಲಿ ಕರಗಿರುತ್ತಿತ್ತು.

ಇದೆಲ್ಲಕ್ಕಿಂತ ಮುಖ್ಯವಾದದ್ದೊಂದುಂಟು. ಹಿರಿಯರನ್ನು ವಿಚಾರಿಸುವಾಗ ಅಜ್ಜನ ಹೆಸರಿನೊಡನೆ ಅಜ್ಜಿಯ ಹೆಸರನ್ನೂ, ಆಕೆಯ ತಾಯಿಯ ಹೆಸರನ್ನೂ, ತವರೂರನ್ನೂ ಕೇಳಿ ಬರೆದುಕೊಳ್ಳಬೇಕು. ಆ ಹೆಸರುಗಳನ್ನು ಯಾವ ಪದಕದ ಅಂಚಿನಲ್ಲಿಯೂ ಕೆತ್ತಿರುವುದಿಲ್ಲ.

ಈ ಲೇಖನವನ್ನು ಬರೆಯುವ ಮೊದಲು ನಾವು ನಮ್ಮ ಶಾಲೆಯ ಆಫೀಸಿಗೆ ಹೋಗಿ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿ ನೋಡಿದೆವು. ಪ್ರತಿಯೊಬ್ಬ ಹುಡುಗಿಗೆ ಒಂದು ಸಾಲು: ಸೇರಿದ ದಿನ, ಹೆಸರು, ವಯಸ್ಸು, ಊರು, ತಂದೆಯ ಹೆಸರು, ಬಿಟ್ಟ ದಿನ, ಬಿಟ್ಟ ಕಾರಣ. ‘ಡಿಫಯನ್ಸ್’ ಹಡಗಿನ ಪುಸ್ತಕಕ್ಕೂ ಇದಕ್ಕೂ ಬಹಳ ಭೇದವಿಲ್ಲವೆಂದು ಕಂಡು ನಮಗೆ ನಗು ಬಂತು. ಆದರೆ ತಾಯಿಯ ಹೆಸರಿಗೆ ಆ ಹಳೆಯ ಪುಸ್ತಕದಲ್ಲಿ ಕಲಮು ಇಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಸಮ್ಮೇಳನಕ್ಕೆ ಬರುವಾಗ ನಿಮ್ಮನ್ನು ಈ ಶಾಲೆಗೆ ಕಳುಹಿಸಿದ ತಾಯಂದಿರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಅವುಗಳನ್ನು ಆ ಪುಸ್ತಕದ ಬಳಿಯಲ್ಲಿಯೇ ಇಡಿಸುವ ಭಾರವು ನಮ್ಮದು.